ತಿಳಿನೀರುಗಳನ್ನು ಕೂಡಿಸಿದಾಗ ಗಸಿ ಬೀಳುವ ನಿಯಮಗಳು ಮತ್ತು ಬೇಸಾಯದಲ್ಲಿ ಅವುಗಳ ಉಪಯೋಗ

1. ಪೀಠಿಕೆ

ಕೆಲವು ಬಾವಿಗಳ ನೀರಿನಲ್ಲಿ ಬಟ್ಟೆಗೆ ಸಾಬೂನು ಹಚ್ಚಿದರೆ ನೊರೆ ಏಳದೆ, ಬಿಳಿಯ ಜಿಡ್ಡಾದ ಗಷ್ಟು ತೇಲುವುದನ್ನು ಎಲ್ಲರೂ ಬಲ್ಲರು. ಎಲೆಯಡಕೆಗೆ ಬಳಸುವ ಸುಣ್ಣವನ್ನು ನೀರಿನಲ್ಲಿ ಕದಡಿ, ಮೇಲಿನ ತಿಳಿಯನ್ನು ಬಟ್ಟಲಿನಲ್ಲಿ ತೆರೆದಿಟ್ಟರೆ, ಮರುದಿನ ಅದರ ಮೇಲೆ ಬಿಳಿಯ ಪೊರೆ ಕಟ್ಟಿರುವುದನ್ನೂ ಅನೇಕರು ನೋಡಿರುವರು. ಮೊದಲನೆಯದರಲ್ಲಿ ನೀರೊಳಗಿನ ಸುಣ್ಣದ ಅಂಶವು ಸಾಬೂನಿನೊಡನೆ ಕೂಡಿತು. ಎರಡನೆಯದರಲ್ಲಿ ನೀರೊಳಗಿನ ಸುಣ್ಣವು ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವಿನೊಡನೆ ಕೂಡಿತು. ಎರಡು ಕಡೆಯಲ್ಲಿಯೂ ಮೊದಲಿದ್ದ ಪದಾರ್ಥಗಳು ಕರಗಿ ಕಣ್ಣಿಗೆ ಕಾಣದಂತಿದ್ದುವು. ಕೂಡಿದ ಮೇಲೆ ನೀರಿನಲ್ಲಿ ಕರಗದ ಮೂರನೆಯ ಪದಾರ್ಥವು ಹುಟ್ಟಿತು. ಹೀಗೆ ಹುಟ್ಟಿ ನೀರಿನಿಂದ ಬೇರ್ಪಡುವ ಪದಾರ್ಥವನ್ನು ಲೋಕರೂಢಿಯಲ್ಲಿ ಗಸಿಯೆಂದೂ, ರಸಾಯನಶಾಸ್ತ್ರದಲ್ಲಿ ಪ್ರಕ್ಷೇಪವೆಂದೂ ಕರೆಯುವರು.

ಬೇಸಾಯಗಾರನಿಗೆ ಈ ಸಂಗತಿಯು ಬರಿಯ ಕುತೂಹಲದ ವಿಷಯವಲ್ಲ. ಅಡಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೊ ದ್ರಾವಣದ ಗುಣವೆಲ್ಲವೂ ಒಂದು ಗಸಿಯಲ್ಲಿರುವುದು. ಚೌಳು ನೆಲಕ್ಕೆ ಜಿಪ್ಸಂ ಹಾಕುವುದರಿಂದಾಗುವ ಉಪಕಾರಕ್ಕೂ ಗಸಿಯೇ ಒಂದು ಮುಖ್ಯ ಕಾರಣವು. ಆದರೆ ಹನಿ ನೀರಾವರಿಯ ತೊಟ್ಟಿಯಲ್ಲಿ ಎರಡು ರಸಗೊಬ್ಬರಗಳನ್ನು ಕೂಡಿಸಿದಾಗ ಬೀಳುವ ಗಸಿಯು ಹಣ ಕೊಟ್ಟು ತಂದ ಗೊಬ್ಬರವನ್ನು ಕೆಡಿಸಿ, ಕೊಳವೆಗಳನ್ನೂ ಕಟ್ಟಿಹಾಕುವುದು. ಆದುದರಿಂದ ಯಾವ ಎರಡು ದ್ರಾವಣಗಳನ್ನು ಕೂಡಿಸಿದರೆ ಗಸಿ ಬೀಳುವುದು, ಯಾವುದನ್ನು ಕೂಡಿಸಿದರೆ ಬೀಳುವುದಿಲ್ಲ ಎಂಬುದನ್ನು ಕೂಡಿಸುವುದಕ್ಕೆ ಮುಂಚೆಯೇ ತಿಳಿಯುವುದು ಲಾಭಕರವು. ಇದಕ್ಕೆ ಆರು ಸುಲಭವಾದ ನಿಯಮಗಳು ಸಾಕು.

2. ಲವಣಗಳ ಎರಡು ಭಾಗಗಳು

ಅಡಿಗೆಯ ಉಪ್ಪು, ಮೈಲುತುತ್ತ, ಒಗೆಯುವ ಸೋಡಾ, ಜಿಪ್ಸಂ, ಅಮೋನಿಯಂ ಸಲ್ಫೇಟ್ ಮುಂತಾದುವುಗಳನ್ನೆಲ್ಲಾ ಲವಣಗಳೆನ್ನುವರು. ಪ್ರತಿಯೊಂದು ಲವಣದಲ್ಲಿಯೂ ಎರಡು ಭಾಗಗಳಿರುವುವು. ಒಂದನ್ನು ಲೋಹಭಾಗವೆಂದೂ, ಮತ್ತೊಂದನ್ನು ಆಮ್ಲಭಾಗವೆಂದೂ ಇಲ್ಲಿ ಕರೆಯಬಹುದು. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಇದರಲ್ಲಿ ತಾಮ್ರವು ಲೋಹಭಾಗ, ಸಲ್ಫೇಟ್ ಆಮ್ಲಭಾಗ. ಅಡಿಗೆಯ ಉಪ್ಪಿನಲ್ಲಿ ಸೋಡಿಯಂ ಲೋಹಭಾಗ, ಕ್ಲೋರೈಡ್ ಆಮ್ಲಭಾಗ. ಅಮೋನಿಯಂ ಎಂಬುದು ಲೋಹವಲ್ಲದಿದ್ದರೂ ಲವಣಗಳಲ್ಲಿ ಲೋಹದಂತೆಯೇ ನಡೆದುಕೊಳ್ಳುವುದು. ಅರಳಿದ ಸುಣ್ಣವು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗಿದ್ದು, ಅದರಲ್ಲಿ ಆಮ್ಲಭಾಗದ ಸ್ಥಾನವನ್ನು ಹೈಡ್ರಾಕ್ಸೈಡ್ ಹಿಡಿದಿರುವುದು.

ಲವಣವು ನೀರಿನಲ್ಲಿ ಕರಗಿದಾಗ ಈ ಎರಡು ಭಾಗಗಳು ಬೇರೆಬೇರೆಯಾಗಿ ಸಂಚರಿಸುವುವು. ಎರಡು ಲವಣಗಳ ನೀರುಗಳನ್ನು ಕೂಡಿಸಿದರೆ ನಾಲ್ಕು ಭಾಗಗಳೂ ಒಂದೇ ಪಾತ್ರೆಯಲ್ಲಿ ಸೇರುವುವು. ಆಗ ಮೊದಲನೆಯದರ ಲೋಹವು ಎರಡನೆಯದರ ಆಮ್ಲಭಾಗವನ್ನೂ, ಎರಡನೆಯದರ ಲೋಹವು ಮೊದಲನೆಯದರ ಆಮ್ಲಭಾಗವನ್ನೂ ಸಂಧಿಸುವ ಅವಕಾಶವುಂಟಾಗುವುದು. ಈ ಹೊಸ ಜೊತೆಗಳಲ್ಲಿ ಒಂದಾದರೂ ನೀರಿನಲ್ಲಿ ಕರಗದಂಥಾದ್ದಾಗಿದ್ದರೆ ಅದು ಗಸಿಯಾಗಿ ಬೀಳುವುದು. ಹೊಸ ಜೊತೆಗಳೆರಡೂ ಕರಗುವಂಥವಾಗಿದ್ದರೆ ನೀರು ತಿಳಿಯಾಗಿಯೇ ಉಳಿಯುವುದು. ಈ ವಿಷಯದ ಮರ್ಮವೆಲ್ಲವೂ ಇಷ್ಟೇ.

3. ಕರಗುವಿಕೆಯ ಆರು ನಿಯಮಗಳು

(1) ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಇವುಗಳ ಸಾಮಾನ್ಯ ಲವಣಗಳೆಲ್ಲವೂ ಕರಗುವುವು.

(2) ನೈಟ್ರೇಟುಗಳೆಲ್ಲವೂ ಕರಗುವುವು. ಲೋಹವು ಯಾವುದಾದರೂ ಚಿಂತೆಯಿಲ್ಲ.

(3) ಕ್ಲೋರೈಡುಗಳು ಕರಗುವುವು. ಬೆಳ್ಳಿ, ಸೀಸ ಇವುಗಳ ಕ್ಲೋರೈಡುಗಳೂ, ಪಾದರಸದ ಕ್ಲೋರೈಡುಗಳಲ್ಲಿ ಒಂದೂ ಮಾತ್ರ ಇದಕ್ಕೆ ಹೊರತು.

(4) ಸಲ್ಫೇಟುಗಳು ಕರಗುವುವು. ಬೇರಿಯಂ, ಸೀಸ ಇವುಗಳ ಸಲ್ಫೇಟುಗಳು ಕರಗುವುದಿಲ್ಲ. ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ, ಬಹು ಸ್ವಲ್ಪವಾಗಿ ಕರಗುವುದು.

(5) ಕಾರ್ಬೋನೇಟುಗಳೂ ಫಾಸ್ಫೇಟುಗಳೂ ಕರಗುವುದಿಲ್ಲ. ಮೊದಲನೆಯ ನಿಯಮದಲ್ಲಿ ಹೇಳಿದ ಮೂರರೊಡನೆ ಇದ್ದರೆ ಮಾತ್ರ ಕರಗುವುವು.

(6) ಹೈಡ್ರಾಕ್ಸೈಡುಗಳು ಕರಗುವುದಿಲ್ಲ. ಸೋಡಿಯಂ, ಪೊಟ್ಯಾಸಿಯಂ ಇವುಗಳವು ಕರಗುವುವು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣ, ಸ್ವಲ್ಪವಾಗಿ ಕರಗುವುದು.

“ಕರಗುವುದು”, “ಕರಗುವುದಿಲ್ಲ” ಎಂಬ ಮಾತುಗಳ ಅಂತರವನ್ನು ಅಂಕಿಗಳಿಂದ ತಿಳಿಯಬಹುದು. ಒಂದು ಲೀಟರ್ ತಣ್ಣೀರಿನಲ್ಲಿ ಅಡಿಗೆಯ ಉಪ್ಪು ಸುಮಾರು 360 ಗ್ರಾಂ, ಮೈಲುತುತ್ತದ ಹರಳು ಸುಮಾರು 300 ಗ್ರಾಂ ಕರಗುವುದು. ಜಿಪ್ಸಂ 2ರಿಂದ 2½ ಗ್ರಾಂ ಮಾತ್ರ. ಅರಳಿದ ಸುಣ್ಣ ಸುಮಾರು 1.7 ಗ್ರಾಂ. ಸುಣ್ಣಕಲ್ಲಾದ ಕ್ಯಾಲ್ಸಿಯಂ ಕಾರ್ಬೋನೇಟ್ ಶುದ್ಧವಾದ ನೀರಿನಲ್ಲಿ ಒಂದು ಗ್ರಾಮಿನ ನೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು ಮಾತ್ರ ಕರಗುವುದು.

4. ನಿಯಮಗಳನ್ನು ಪ್ರಯೋಗಿಸುವ ಕ್ರಮ

ಮೊದಲು ಎರಡು ಲವಣಗಳ ಹೆಸರುಗಳನ್ನು ಒಂದರ ಕೆಳಗೊಂದು ಬರೆಯತಕ್ಕದ್ದು. ತರುವಾಯ ಜೊತೆಗಳನ್ನು ಅದಲುಬದಲು ಮಾಡಿ ಹೊಸ ಹೆಸರುಗಳನ್ನು ಬರೆಯತಕ್ಕದ್ದು. ಕೊನೆಗೆ ಹೊಸ ಹೆಸರುಗಳಲ್ಲಿ ಒಂದೊಂದನ್ನೂ ಆರು ನಿಯಮಗಳಿಗೆ ಹಿಡಿದು ನೋಡತಕ್ಕದ್ದು.

ದೃಷ್ಟಾಂತ: ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುವುದೆಂದೂ, ಅದಕ್ಕೆ ಒಗೆಯುವ ಸೋಡಾ, ಅಂದರೆ ಸೋಡಿಯಂ ಕಾರ್ಬೋನೇಟ್, ಹಾಕಿದರೆಂದೂ ಇಟ್ಟುಕೊಳ್ಳುವುದು. ಅದಲುಬದಲಾದಾಗ ಸೋಡಿಯಂ ಕ್ಲೋರೈಡ್ ಮತ್ತು ಕ್ಯಾಲ್ಸಿಯಂ ಕಾರ್ಬೋನೇಟ್ ಎಂಬ ಜೊತೆಗಳು ದೊರೆಯುವುವು. ಮೊದಲನೆಯದು 1ನೆಯ ನಿಯಮದಂತೆ ಕರಗುವುದು. ಎರಡನೆಯದು 5ನೆಯ ನಿಯಮದಂತೆ ಕರಗದು. ಆದಕಾರಣ ಬಿಳಿಯ ಗಸಿಯಾಗಿ ಇಳಿಯುವುದು. ಮೇಲಿನ ನೀರಿನಲ್ಲಿ ಸುಣ್ಣದ ಅಂಶವು ತಗ್ಗುವುದರಿಂದ ಸಾಬೂನು ಚೆನ್ನಾಗಿ ನೊರೆ ಕೊಡುವುದು. ಅಗಸರು ನೀರಿಗೆ ಸೋಡಾ ಹಾಕುವುದರ ಕಾರಣವು ಇದೇ.

5. ಉಪಕಾರಿಯಾದ ಗಸಿ: ಬೋರ್ಡೊ ದ್ರಾವಣ

ಫ್ರಾನ್ಸ್ ದೇಶದ ಬೋರ್ಡೊ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕದಿಯದಿರಲೆಂದು ರಸ್ತೆಯ ಬದಿಯ ಬಳ್ಳಿಗಳಿಗೆ ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿ ಎರಚುತ್ತಿದ್ದರು. ಬೂಜು ರೋಗದಿಂದ ಮಿಕ್ಕ ಬಳ್ಳಿಗಳ ಎಲೆಗಳು ಉದುರಿದರೂ ಈ ಬಳ್ಳಿಗಳು ಹಸುರಾಗಿದ್ದುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞರು 1882ರಲ್ಲಿ ಗಮನಿಸಿ, ಪರೀಕ್ಷೆಗಳನ್ನು ನಡೆಸಿ, 1885ರಲ್ಲಿ ಔಷಧದ ಕ್ರಮವನ್ನು ಪ್ರಕಟಿಸಿದರು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಕೆಯ ಕೊಳೆರೋಗವನ್ನು ಶೋಧಿಸಿ, 1910ರಲ್ಲಿ ಅದರ ಮೇಲೆ ವರದಿಯನ್ನು ಪ್ರಕಟಿಸಿದರು. ಅದಕ್ಕೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದೇ ತೋಟಿಗರ ಮುಖ್ಯ ಉಪಾಯವಾಗಿದ್ದಿತು. ಬೋರ್ಡೊ ದ್ರಾವಣವು ಬಳಕೆಗೆ ಬಂದ ಮೇಲೆ ಮರಕ್ಕೆ ಹತ್ತಿ ಕೊನೆಗಳಿಗೆ ಔಷಧ ಹೊಡೆಯುವ ಪದ್ಧತಿಯು ನೆಲೆಗೊಂಡಿತು.

ಈ ಔಷಧದಲ್ಲಿ ನಡೆಯುವುದೇನೆಂಬುದನ್ನು ನಿಯಮಗಳಿಂದ ಕಾಣಬಹುದು. ತಾಮ್ರದ ಸಲ್ಫೇಟಿಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಸೇರಿದರೆ ತಾಮ್ರದ ಹೈಡ್ರಾಕ್ಸೈಡ್, ಕ್ಯಾಲ್ಸಿಯಂ ಸಲ್ಫೇಟ್ ಎಂಬ ಜೊತೆಗಳಾಗುವುವು. ತಾಮ್ರದ ಹೈಡ್ರಾಕ್ಸೈಡ್ 6ನೆಯ ನಿಯಮದಂತೆ ಕರಗದೆ, ಸ್ವಲ್ಪ ಸಲ್ಫೇಟನ್ನೂ ತನ್ನೊಡನೆ ಹಿಡಿದುಕೊಂಡು, ಆಕಾಶವರ್ಣದ ನಯವಾದ ಗಸಿಯಾಗುವುದು. ಜಿಪ್ಸಮಿನಲ್ಲಿ ಕೆಲವು ಭಾಗ ಕರಗಿದ್ದು, ಕೆಲವು ಭಾಗ ಗಸಿಯೊಡನೆ ಇರುವುದು.

ಬರಿಯ ಮೈಲುತುತ್ತದ ನೀರನ್ನು ಹೊಡೆದರೆ ಕಾಯಿ ಎಲೆಗಳು ಸುಡುವುವು. ಮೊದಲನೆಯ ಮಳೆಗೇ ಔಷಧವು ತೊಳೆದುಹೋಗುವುದು. ಗಸಿಯಾದ ತಾಮ್ರವಾದರೋ ಕಾಯಿಗೆ ಅಂಟಿಕೊಂಡು ಒಣಗಿ, ಮಳೆಯಲ್ಲಿಯೂ ನಿಂತು, ಅತ್ಯಲ್ಪ ಪ್ರಮಾಣದಲ್ಲಿ ತಾಮ್ರವನ್ನು ಬಿಡುತ್ತಿರುವುದು. ಫೈಟಾಫ್ಥೊರಾ ಎಂಬ ಕೊಳೆರೋಗದ ಜೀವಿಯು ಮಳೆಯ ಹನಿಯಲ್ಲಿ ಈಜುವ ಬೀಜಕಣಗಳಿಂದ ಹರಡುವುದು. ಅವನ್ನು ಕೊಲ್ಲುವುದಕ್ಕೆ ಆ ಅಲ್ಪವೇ ಸಾಕು. ರೋಗವು ಕಾಯೊಳಗೆ ಹೊಕ್ಕ ಮೇಲೆ ಹೊರಗಿನ ಲೇಪದಿಂದ ಪ್ರಯೋಜನ ಕಡಮೆ. ಆದುದರಿಂದಲೇ ಮೊದಲನೆಯ ಸಿಂಪಣೆಯನ್ನು ಮುಂಗಾರು ಹಿಡಿಯುವುದಕ್ಕೆ ಮುಂಚೆಯೂ, ಎರಡನೆಯದನ್ನು ಅದಾದ 40–45 ದಿನಗಳ ಮೇಲೆ ಮಳೆ ಬಿಟ್ಟ ಸಮಯದಲ್ಲಿಯೂ ಮಾಡುವರು.

ನೂರಕ್ಕೆ ಒಂದರ ಬೋರ್ಡೊ ದ್ರಾವಣಕ್ಕೆ ಮೈಲುತುತ್ತ 1 ಕಿಲೋ, ಒಳ್ಳೆಯ ಸುಟ್ಟ ಸುಣ್ಣ 1 ಕಿಲೋ, ನೀರು 100 ಲೀಟರ್. ಮೈಲುತುತ್ತವನ್ನು ಪುಡಿಮಾಡಿ 50 ಲೀಟರ್ ನೀರಿನಲ್ಲಿ ಕರಗಿಸತಕ್ಕದ್ದು. ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ಸೋಸಿ, ಉಳಿದ ನೀರು ಸೇರಿಸಿ 50 ಲೀಟರ್ ಮಾಡಿ, ಪೂರಾ ತಣ್ಣಗಾಗಬಿಡತಕ್ಕದ್ದು. ತರುವಾಯ ಕಡ್ಡಿಯಿಂದ ಕಲಕುತ್ತಾ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಮೆಲ್ಲಗೆ ಸುರಿಯತಕ್ಕದ್ದು. ಇಲ್ಲವೆ ಎರಡನ್ನೂ ಮೂರನೆಯ ಪಾತ್ರೆಗೆ ಏಕಕಾಲದಲ್ಲಿ ಸುರಿಯಬಹುದು. ಪಾತ್ರೆಗಳು ಮರ, ಮಣ್ಣು ಅಥವಾ ಪ್ಲಾಸ್ಟಿಕಿನವಾಗಿರಬೇಕು. ಕಬ್ಬಿಣದ ಪಾತ್ರೆಯಾದರೆ ಕಬ್ಬಿಣವು ಕರಗಿ, ತಾಮ್ರವು ಪಾತ್ರೆಯ ಮೈಗೆ ಹತ್ತಿಕೊಂಡು, ಔಷಧವು ದುರ್ಬಲವಾಗುವುದು.

ಲೆಕ್ಕದಂತೆ ನೋಡಿದರೆ 250 ಭಾಗ ಮೈಲುತುತ್ತಕ್ಕೆ 56 ಭಾಗ ಶುದ್ಧವಾದ ಸುಟ್ಟ ಸುಣ್ಣ ಸಾಕು. ಅಂದರೆ 1 ಕಿಲೋವಿಗೆ ಸುಮಾರು 225 ಗ್ರಾಂ. ಆದರೂ ಹೆಚ್ಚಾಗಿ ಹಾಕುವುದಕ್ಕೆ ಕಾರಣವುಂಟು. ಪೇಟೆಯ ಸುಣ್ಣದಲ್ಲಿ ಕಲ್ಲು ಮಣ್ಣು ಸೇರಿರುವುವು. ಹಳೆಯ ಸುಣ್ಣವು ಗಾಳಿಯ ಇಂಗಾಲಾಮ್ಲವನ್ನು ಹೀರಿ ಮತ್ತೆ ಸುಣ್ಣಕಲ್ಲಾಗಿರುವುದು. ಸುಣ್ಣವು ಕಡಮೆಯಾದರೆ ಗಸಿಯಾಗದ ತಾಮ್ರವು ನೀರಿನಲ್ಲಿ ಉಳಿದು ಬೆಳೆಯನ್ನು ಸುಡುವುದು. ಇದನ್ನು ತಿಳಿಯಲು ಉಜ್ಜಿ ಹೊಳಪು ಮಾಡಿದ ಚಾಕುವಿನ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ನೋಡತಕ್ಕದ್ದು. ಅಲಗಿನ ಮೇಲೆ ಕೆಂಪು ಬಣ್ಣ ಹತ್ತಿದರೆ ತಾಮ್ರವು ಇನ್ನೂ ಕರಗಿದೆಯೆಂದರ್ಥ. ಬಣ್ಣ ಹತ್ತದಾಗುವ ವರೆಗೆ ಸುಣ್ಣದ ನೀರನ್ನು ಸೇರಿಸುತ್ತಾ ಹೋಗತಕ್ಕದ್ದು. ಕೂಡಿಸಿದ ದ್ರಾವಣವನ್ನು ಅದೇ ದಿನ ಮುಗಿಸಬೇಕು. ಇಟ್ಟರೆ ನಯವಾದ ಗಸಿಯು ಹರಳುಗಟ್ಟಿ ಅಂಟುವ ಗುಣವನ್ನು ಕಳೆದುಕೊಳ್ಳುವುದು. ಮೈಲುತುತ್ತವು ವಿಷವಾದುದರಿಂದ ಮಕ್ಕಳಿಗೂ ದನಗಳಿಗೂ ಸಿಕ್ಕದಂತೆ ಇಡಬೇಕು. ಉಳಿದ ನೀರನ್ನು ಕೆರೆ, ಹಳ್ಳಗಳಿಗೆ ಚೆಲ್ಲಕೂಡದು.

6. ಚೌಳು ನೆಲಕ್ಕೆ ಜಿಪ್ಸಂ

ನೆಲದ ಮೇಲೆ ಉಪ್ಪು ಬಿಳುಪೇರಿದ ಜಮೀನುಗಳೆಲ್ಲವೂ ಒಂದೇ ಬಗೆಯವಲ್ಲ. ಕೆಲವುಗಳಲ್ಲಿ ಸೋಡಿಯಂ ಕ್ಲೋರೈಡ್, ಸೋಡಿಯಂ ಸಲ್ಫೇಟುಗಳು ಹೆಚ್ಚಾಗಿರುವುವು. ಮೇಲಿನ ಪದರವು ಬೆಳ್ಳಗಿರುವುದು. ಕೆಲವುಗಳಲ್ಲಿ ಸೋಡಿಯಂ ಕಾರ್ಬೋನೇಟ್ ಇರುವುದು. ಅದು ಮಣ್ಣಿನ ಸಾವಯವ ಅಂಶವನ್ನು ಕರಗಿಸುವುದರಿಂದ ಕಪ್ಪು ಕಲೆಗಳು ಕಾಣುವುವು, ನೀರು ಇಂಗದೆ ನಿಲ್ಲುವುದು, ಒಣಗಿದಾಗ ನೆಲವು ಕಲ್ಲಿನಂತಾಗುವುದು. ಅಮೆರಿಕಾದ ಕ್ಯಾಲಿಫೋರ್ನಿಯಾ ಸೀಮೆಯಲ್ಲಿ ಇಂಥ ನೆಲಗಳನ್ನು ಶೋಧಿಸಿದ ಹಿಲ್ಗಾರ್ಡ್ ಎಂಬ ವಿದ್ವಾಂಸರು ಎರಡನೆಯ ಬಗೆಗೆ ಜಿಪ್ಸಮನ್ನು ಸೂಚಿಸಿದ್ದರು.

ಸೋಡಿಯಂ ಕಾರ್ಬೋನೇಟಿಗೆ ಕ್ಯಾಲ್ಸಿಯಂ ಸಲ್ಫೇಟ್ ಸೇರಿದರೆ ಕ್ಯಾಲ್ಸಿಯಂ ಕಾರ್ಬೋನೇಟ್ ಗಸಿಯಾಗಿ ಮಣ್ಣಿನಲ್ಲಿ ನಿರಪಾಯವಾಗಿ ಉಳಿಯುವುದು. ಸೋಡಿಯಂ ಸಲ್ಫೇಟ್ ಕರಗಿ ನೀರಿನೊಡನೆ ಇಳಿದುಹೋಗುವುದು. ಜೇಡಿಗೆ ಅಂಟಿದ ಸೋಡಿಯಮನ್ನೂ ಕ್ಯಾಲ್ಸಿಯಂ ಹೊರಡಿಸಿ, ಮಣ್ಣನ್ನು ಬಿಡಿಬಿಡಿಯಾಗಿಸುವುದು. ಮಣ್ಣಿನ 1 ಕಿಲೋ ಸೋಡಿಯಂ ಕಾರ್ಬೋನೇಟನ್ನು ಕಳೆಯಲು ಸುಮಾರು 1.6 ಕಿಲೋ ಜಿಪ್ಸಂ ಬೇಕು. ಜೇಡಿಗೆ ಬೇಕಾದುದು ಇದಕ್ಕೆ ಮೇಲು. ಎಕರೆಗೆ ಎಷ್ಟೆಂಬುದನ್ನು ಮಣ್ಣಿನ ಪರೀಕ್ಷೆಯಿಂದಲೇ ನಿರ್ಧರಿಸತಕ್ಕದ್ದು.

ಮೊದಲನೆಯ ಬಗೆಯ ನೆಲದಲ್ಲಿ ಬರಿಯ ಉಪ್ಪೇ ಇದ್ದರೆ ಏನಾಗುವುದು? ಸೋಡಿಯಂ ಕ್ಲೋರೈಡ್, ಕ್ಯಾಲ್ಸಿಯಂ ಸಲ್ಫೇಟುಗಳನ್ನು ಅದಲುಬದಲು ಮಾಡಿದರೆ ಸೋಡಿಯಂ ಸಲ್ಫೇಟ್, ಕ್ಯಾಲ್ಸಿಯಂ ಕ್ಲೋರೈಡ್ ದೊರೆಯುವುವು, ಎರಡೂ ಕರಗುವಂಥವು. ಆ ಉಪ್ಪು ಮೊದಲೇ ಕರಗುವಂಥಾದ್ದಾದುದರಿಂದ ಒಳ್ಳೆಯ ನೀರು ಕಟ್ಟಿ ಬಸಿಯುವುದೇ ಅಲ್ಲಿ ಮುಖ್ಯ ಉಪಾಯ. ಪರೀಕ್ಷೆಯಿಲ್ಲದೆ ಎಲ್ಲಾ ಬಿಳಿಯ ನೆಲಕ್ಕೂ ಜಿಪ್ಸಂ ಸುರಿಯುವುದು ವ್ಯರ್ಥವೆಚ್ಚವಾದೀತು.

ಗ್ರಾಮದ ಮುಖಂಡರು ಇಲ್ಲೊಂದು ವಿಷಯವನ್ನು ಗಮನಿಸತಕ್ಕದ್ದು. ಎರಡು ಬಗೆಗಳಲ್ಲಿಯೂ ಕರಗಿದ ಸೋಡಿಯಂ ಲವಣವು ಎಲ್ಲಿಗಾದರೂ ಹರಿದುಹೋಗಲೇಬೇಕು. ಬಸಿಗಾಲುವೆಯಿಲ್ಲದಿದ್ದರೆ ಅದು ಕೆಳಗಿನ ತಾಕಿನವರ ಗದ್ದೆಗೆ ಇಳಿದು ಅದನ್ನು ಕೆಡಿಸುವುದು. ಇಲ್ಲವೆ ಬೇಸಗೆಯಲ್ಲಿ ಮತ್ತೆ ಮೇಲಕ್ಕೇರುವುದು. ಆದಕಾರಣ ಒಬ್ಬರು ಜಿಪ್ಸಂ ಹಾಕುವುದಕ್ಕೆ ಮುಂಚೆ ಬಯಲಿನವರೆಲ್ಲರೂ ಕೂಡಿ ಬಸಿಗಾಲುವೆಯನ್ನು ತೋಡಿಸುವುದು ನ್ಯಾಯವೂ ಲಾಭವೂ ಆಗಿರುವುದು.

7. ಅಪಕಾರಿಯಾದ ಗಸಿ: ಗೊಬ್ಬರಗಳ ಮಿಶ್ರಣ

(1) ಕ್ಯಾಲ್ಸಿಯಂ ನೈಟ್ರೇಟನ್ನು ಮಾನೊ ಅಮೋನಿಯಂ ಫಾಸ್ಫೇಟಿನೊಡನೆ ಒಂದೇ ತೊಟ್ಟಿಯಲ್ಲಿ ಕೂಡಿಸಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಗಸಿಯಾಗುವುದು. ಅಮೋನಿಯಂ ಸಲ್ಫೇಟ್, ಮೆಗ್ನೀಸಿಯಂ ಸಲ್ಫೇಟುಗಳೊಡನೆ ಗಟ್ಟಿಯಾಗಿ ಕೂಡಿಸಿದರೆ ಜಿಪ್ಸಂ ಇಳಿಯುವುದು. ಎರಡೂ ಹನಿಕೊಳವೆಯ ರಂಧ್ರಗಳನ್ನು ಮುಚ್ಚುವುವು. ಆದುದರಿಂದ ಕ್ಯಾಲ್ಸಿಯಮಿಗೆ ಬೇರೆ ತೊಟ್ಟಿ ಇರಬೇಕು. ಇಲ್ಲವೆ ಬೇರೆ ದಿನದಲ್ಲಿ, ನಡುವೆ ಬರಿಯ ನೀರು ಹಾಯಿಸಿ ಕೊಡಬೇಕು.

(2) ಸತುವಿನ ಸಲ್ಫೇಟನ್ನು ಡಿ.ಎ.ಪಿ. ಗೊಬ್ಬರದೊಡನೆ ಕಲಸಿದರೆ ಸತುವಿನ ಫಾಸ್ಫೇಟ್ ಆಗಿ, ಬೆಳೆಗೆ ಸತುವೂ ರಂಜಕವೂ ಸುಲಭವಾಗಿ ದೊರೆಯದಂತಾಗುವುವು.

(3) ಸೂಪರ್ ಫಾಸ್ಫೇಟಿನಲ್ಲಿರುವುದು ಆಮ್ಲರೂಪದ ಕ್ಯಾಲ್ಸಿಯಂ ಫಾಸ್ಫೇಟ್. 5ನೆಯ ನಿಯಮಕ್ಕೆ ಹೊರತಾಗಿ ಅದು ನೀರಿನಲ್ಲಿ ಕರಗುವುದು. ಸುಣ್ಣದೊಡನೆ ಕಲಸಿದರೆ ಆ ಗುಣವು ಹೋಗಿ ಕರಗದ ಫಾಸ್ಫೇಟ್ ಆಗುವುದು. ಕಪ್ಪು ನೆಲದ ಕ್ಯಾಲ್ಸಿಯಮೂ, ಹುಳಿಯಾದ ಕೆಂಪು ನೆಲದ ಕಬ್ಬಿಣ, ಅಲ್ಯೂಮಿನಿಯಮುಗಳೂ ರಂಜಕವನ್ನು ಹೀಗೆಯೇ ಹಿಡಿದಿಡುವುವು. ಅದಕ್ಕಾಗಿಯೇ ಈ ಗೊಬ್ಬರವನ್ನು ಹೊಲವೆಲ್ಲಾ ಎರಚದೆ ಸಾಲಿನಲ್ಲಿ ಬೇರಿನ ಹತ್ತಿರ ಕೊಡುವುದು ಲೇಸು.

8. ನಿಯಮಗಳ ಮೇರೆ

ಈ ನಿಯಮಗಳು ಸಾಮಾನ್ಯ ದ್ರಾವಣಗಳಿಗೆ ಹೊಂದುವುವು. ಬಹು ತೆಳುವಾದ ನೀರಿನಲ್ಲಿ ಜಿಪ್ಸಂ ಗಸಿಯಾಗದೆ ಕರಗಿಯೇ ಇರಬಹುದು. ಬಹು ಗಟ್ಟಿಯಾದ ನೀರಿನಲ್ಲಿ ಕರಗುವ ಲವಣವೂ ಇಳಿಯಬಹುದು. ಪೊಟ್ಯಾಸಿಯಂ ಕ್ಲೋರೈಡ್ ಲೀಟರಿಗೆ ಸುಮಾರು 340 ಗ್ರಾಂ ಕರಗಿದರೆ, ಪೊಟ್ಯಾಸಿಯಂ ಸಲ್ಫೇಟ್ ಸುಮಾರು 110 ಗ್ರಾಂ ಮಾತ್ರ ಕರಗುವುದು. ಆದುದರಿಂದ ಮೊದಲನೆಯದನ್ನು ಅಮೋನಿಯಂ ಸಲ್ಫೇಟಿನೊಡನೆ ಅತಿ ಗಟ್ಟಿಯಾಗಿ ಕಲಸಿದರೆ ಹರಳುಗಳು ಕಾಣಬಹುದು.

ಗಸಿ ಬೀಳದಿದ್ದ ಮಾತ್ರಕ್ಕೆ ನಷ್ಟವಿಲ್ಲವೆಂದು ತಿಳಿಯಕೂಡದು. ಅಮೋನಿಯಂ ಸಲ್ಫೇಟಿಗೆ ಸುಣ್ಣ ಸೇರಿದರೆ ಅಮೋನಿಯವು ವಾಯುವಾಗಿ ಹಾರಿಹೋಗುವುದು. ಮೂಗಿಗೆ ಬರುವ ಘಾಟೇ ಅದಕ್ಕೆ ಸಾಕ್ಷಿ. ಯೂರಿಯಾ ಲವಣವಲ್ಲವಾದುದರಿಂದ ಈ ಅದಲುಬದಲಿಗೆ ಒಳಪಡುವುದಿಲ್ಲ.

ಸಂದೇಹವಿದ್ದಲ್ಲಿ ಸೀಸೆಯ ಪರೀಕ್ಷೆಯನ್ನು ಮಾಡತಕ್ಕದ್ದು. ತೊಟ್ಟಿಗೆ ತುಂಬುವ ಬಾವಿಯ ನೀರನ್ನೇ ಗಾಜಿನ ಸೀಸೆಯಲ್ಲಿ ತೆಗೆದುಕೊಂಡು, ಗೊಬ್ಬರಗಳನ್ನು ತೊಟ್ಟಿಯಲ್ಲಿ ಹಾಕುವ ಪ್ರಮಾಣದಲ್ಲಿಯೇ ಕರಗಿಸಿ, ಎರಡು ಗಂಟೆಯ ಕಾಲ ಅಲುಗಿಸದೆ ಇಡುವುದು. ನೀರು ಹಾಲಿನಂತಾದರೆ ಅಥವಾ ತಳದಲ್ಲಿ ಗಸಿ ಕಂಡರೆ ಆ ಮಿಶ್ರಣವನ್ನು ಬಿಡತಕ್ಕದ್ದು. ಬಾವಿಯ ನೀರೇ ಗಡಸಾಗಿದ್ದರೆ ಫಾಸ್ಫೇಟ್ ಗೊಬ್ಬರವೊಂದೇ ಗಸಿ ಕೊಡಬಹುದಾದ್ದರಿಂದ ಮಳೆಯ ನೀರಿನಲ್ಲಿ ಮಾಡಿದ ಪರೀಕ್ಷೆಯನ್ನು ನಂಬಕೂಡದು.

9. ಅಭ್ಯಾಸ

ಕೆಳಗಿನ ಜೊತೆಗಳಲ್ಲಿ ಗಸಿ ಬೀಳುವುದೇ ಎಂಬುದನ್ನು ಉತ್ತರವನ್ನು ನೋಡದೆ ಮೊದಲು ನಿಯಮಗಳಿಂದ ಹೇಳಲು ಪ್ರಯತ್ನಿಸಬೇಕು.

(1) ಪೊಟ್ಯಾಸಿಯಂ ನೈಟ್ರೇಟ್ ಮತ್ತು ಮಾನೊ ಅಮೋನಿಯಂ ಫಾಸ್ಫೇಟ್.
(2) ಅಡಿಗೆಯ ಉಪ್ಪು ಮತ್ತು ಪೊಟ್ಯಾಸಿಯಂ ಸಲ್ಫೇಟ್.
(3) ಮೈಲುತುತ್ತ ಮತ್ತು ಒಗೆಯುವ ಸೋಡಾ.
(4) ಕ್ಯಾಲ್ಸಿಯಂ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್.

ಉತ್ತರ: ಒಂದನೆಯದರಲ್ಲಿಯೂ ಎರಡನೆಯದರಲ್ಲಿಯೂ ಹೊಸ ಜೊತೆಗಳೆಲ್ಲವೂ 1ನೆಯ ನಿಯಮದಂತೆ ಕರಗುವುದರಿಂದ ಗಸಿಯಿಲ್ಲ. ಮೂರನೆಯದರಲ್ಲಿ 5ನೆಯ ನಿಯಮದಂತೆ ತಾಮ್ರದ ಕಾರ್ಬೋನೇಟ್ ಗಸಿಯಾಗುವುದು. ಬರ್ಗಂಡಿ ದ್ರಾವಣವೆಂದು ಹೆಸರಾದ ಔಷಧವು ಇದೇ. ನಾಲ್ಕನೆಯದರಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ 3ನೆಯ ನಿಯಮದಂತೆಯೂ, ಪೊಟ್ಯಾಸಿಯಂ ನೈಟ್ರೇಟ್ 2ನೆಯ ನಿಯಮದಂತೆಯೂ ಕರಗುವುದರಿಂದ ಗಸಿಯಿಲ್ಲ.

10. ಸಾರಾಂಶ

ಎರಡು ಲವಣಗಳ ಜೊತೆಗಳನ್ನು ಅದಲುಬದಲು ಮಾಡಿ, ಹೊಸ ಜೊತೆಗಳನ್ನು ಆರು ನಿಯಮಗಳಿಗೆ ಹಿಡಿದು ನೋಡಿದರೆ ಗಸಿ ಬೀಳುವುದನ್ನು ಮುಂಚಿತವಾಗಿ ತಿಳಿಯಬಹುದು. ಬೋರ್ಡೊ ದ್ರಾವಣದಲ್ಲಿಯೂ ಚೌಳು ನೆಲದಲ್ಲಿಯೂ ಗಸಿಯು ಪೂರ್ಣವಾಗಿ ಬೀಳುವಂತೆ ನೋಡಿಕೊಳ್ಳಬೇಕು. ಗೊಬ್ಬರದ ತೊಟ್ಟಿಯಲ್ಲಿ ಬೀಳದಂತೆ ನೋಡಿಕೊಳ್ಳಬೇಕು. ಈ ಆರು ನಿಯಮಗಳನ್ನು ಔಷಧ, ಗೊಬ್ಬರಗಳನ್ನಿಡುವ ಕೊಠಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ, ಮಿಶ್ರಣ ಮಾಡುವ ಆಳುಗಳಿಗೆ ಓದಿ ಹೇಳುವುದು ಪ್ರತಿಯೊಬ್ಬ ಹಿಡುವಳಿದಾರರಿಗೂ ಹಿತಕರವು.